ಒಂದೇ ಸ್ಥಾನ, ಇಬ್ಬರು ಹಕ್ಕುದಾರರು

ಮನೆಯಲ್ಲಿ ಕ್ರಿಕೆಟ್ ಬಲ್ಲ ಹಿರಿಯರಿದ್ದರೆ ಅವರನ್ನು ಒಮ್ಮೆ ಕೇಳಿ ನೋಡಬೇಕು: “ಪ್ರಸನ್ನರೋ, ವೆಂಕಟರಾಘವನ್ನರೋ?” ಕೈಯಲ್ಲಿದ್ದ ಪತ್ರಿಕೆ ಕೆಳಗಿಳಿಯುತ್ತದೆ, ಮುಂದಿದ್ದ ಕಾಫಿ ಆರುತ್ತದೆ. ಅರ್ಧ ಶತಮಾನ ಕಳೆದರೂ ಮುಗಿಯದ ವಾದವಿದು.

ಭಾರತದ ಸ್ಪಿನ್ ಬೌಲಿಂಗಿನ ಆ ಸುವರ್ಣಕಾಲದಲ್ಲಿ ಬೇಡಿಯವರದು ಎಡಗೈ, ಚಂದ್ರಶೇಖರರದು ಲೆಗ್ ಸ್ಪಿನ್. ಅವರವರ ದಾರಿ ಅವರವರಿಗೆ. ಆದರೆ ಆಫ್ ಸ್ಪಿನ್ನಿಗೆ ಮಾತ್ರ ಇಬ್ಬರು: ಬೆಂಗಳೂರಿನ ಎರಪಳ್ಳಿ ಪ್ರಸನ್ನ, ಮದರಾಸಿನ ವೆಂಕಟರಾಘವನ್. ಇಬ್ಬರೂ ಇಂಜಿನಿಯರಿಂಗ್ ಓದಿದವರು. ತಂಡದಲ್ಲಿ ಬಹುಮಟ್ಟಿಗೆ ಒಬ್ಬರಿಗೇ ಎಡೆ.

ಮೊದಲು ಬಂದವರು ಪ್ರಸನ್ನ. 1962ರ ಜನವರಿಯಲ್ಲಿ ಇಂಗ್ಲೆಂಡಿನ ವಿರುದ್ಧ ಮದರಾಸಿನಲ್ಲಿ ಪ್ರಥಮ ಟೆಸ್ಟ್. ಅದೇ ವರ್ಷ ವೆಸ್ಟ್ ಇಂಡೀಸ್ ಪ್ರವಾಸ. ಹಿಂದಿರುಗಿದ ಮೇಲೆ ಓದು ಮುಗಿಸಬೇಕೆಂಬ ಕರಾರಿನ ಮೇಲೆಯೇ ತಂದೆ ಒಪ್ಪಿಗೆಯಿತ್ತಿದ್ದರು. ಪ್ರಸನ್ನ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿಗೆ ಮರಳಿದರು; ಸುಮಾರು ಐದು ವರ್ಷ ಟೆಸ್ಟ್ ಆಟದಿಂದ ದೂರವುಳಿದರು. ಈ ನಡುವೆ, 1965ರಲ್ಲಿ, ಇನ್ನೂ ಇಪ್ಪತ್ತು ತುಂಬದ ವೆಂಕಟರಾಘವನ್ ದೆಹಲಿಯಲ್ಲಿ ನ್ಯೂಜಿಲೆಂಡಿನ ಎಂಟು ಮಂದಿಯನ್ನು 72 ರನ್ನುಗಳಿಗೆ ಉರುಳಿಸಿದರು. ಪ್ರಸನ್ನ 1967ರಲ್ಲಿ ಮರಳಿದಾಗ ಅವರ ಕುರ್ಚಿ ಖಾಲಿ ಇರಲಿಲ್ಲ.

ಆದರೂ ನಾಯಕ ಪಟೌಡಿಯವರ ವಿಶ್ವಾಸ ಪ್ರಸನ್ನರ ಮೇಲಿತ್ತು. 1967-68ರ ಪ್ರವಾಸದಲ್ಲಿ ಆಸ್ಟ್ರೇಲಿಯದಲ್ಲಿ 25, ನ್ಯೂಜಿಲೆಂಡಿನಲ್ಲಿ 24 ವಿಕೆಟ್ಟುಗಳನ್ನು ಅವರು ಪಡೆದರು. ಇಪ್ಪತ್ತನೆಯ ಟೆಸ್ಟಿನಲ್ಲೇ ನೂರು ವಿಕೆಟ್ ತುಂಬಿತು. ಇದಕ್ಕಿಂತ ಬೇಗ ಆ ಗಡಿ ದಾಟಲು ಭಾರತೀಯನೊಬ್ಬ 2013ರವರೆಗೆ, ಅಶ್ವಿನ್ನರವರೆಗೆ, ಕಾಯಬೇಕಾಯಿತು.

1971ರಲ್ಲಿ ನಾಯಕತ್ವ ವಾಡೇಕರರಿಗೆ ಬಂದಿತು, ಗಾಳಿಯೂ ತಿರುಗಿತು. ವೆಸ್ಟ್ ಇಂಡೀಸಿನಲ್ಲಿ ಉಪನಾಯಕ ವೆಂಕಟರಾಘವನ್ 22 ವಿಕೆಟ್ ಗಳಿಸಿದರು. ಮುಂದೆ ಇಂಗ್ಲೆಂಡಿನ ಮೂರು ಟೆಸ್ಟುಗಳಲ್ಲಿಯೂ ಅವರೇ ಆಡಿದರು. ಪ್ರಸನ್ನರಿಗೆ ಒಂದೂ ದೊರೆಯಲಿಲ್ಲ.

ಇಲ್ಲಿಂದ ವಾದ ಕಾವೇರಿತು. ಬೆಂಗಳೂರಿನವರು ಹೇಳುವರು: ಚೆಂಡನ್ನು ಗಾಳಿಯಲ್ಲಿ ತೇಲಿಬಿಟ್ಟು, ದಾಂಡಿಗನನ್ನು ಮುಂದೆ ಕರೆದು ಮೋಸಗೊಳಿಸುವ ವಿದ್ಯೆ ಪ್ರಸನ್ನರದು, ಅದಕ್ಕೆ ಸಾಟಿಯುಂಟೇ? ಮದರಾಸಿನವರು ಉತ್ತರಿಸುವರು: ವೆಂಕಟರಾಘವನ್ ರನ್ನು ಬಿಟ್ಟುಕೊಡರು, ಬ್ಯಾಟು ಹಿಡಿದು ನಿಲ್ಲಬಲ್ಲರು, ಗಲ್ಲಿಯಲ್ಲಿ ಕ್ಯಾಚು ಕೈಬಿಡರು. ಬೀದರ, ಅಷ್ಟೂರುಗಳ ಕಡೆಯವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. 1956ರವರೆಗೆ ಆ ಸೀಮೆ ಹೈದರಾಬಾದು ರಾಜ್ಯಕ್ಕೇ ಸೇರಿತ್ತು. ಐವತ್ತರ ದಶಕದಲ್ಲಿ ಇದೇ ಆಫ್ ಸ್ಪಿನ್ನರನ ಸ್ಥಾನವನ್ನು ತುಂಬಿದ್ದವರು ಹೈದರಾಬಾದಿನ ಗುಲಾಂ ಅಹಮದ್. ಆ ಸ್ಥಾನ ಯಾವ ಊರಿನ ಸ್ವತ್ತೂ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಿಜವಾಗಿ ನೋಡಿದರೆ ಎರಡು ಪಕ್ಷದವರೂ ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಶ್ರೇಷ್ಠ ಬೌಲರ್ ಯಾರೆಂಬುದು ಒಂದು. ಈ ಹನ್ನೊಂದು ಮಂದಿಗೆ ಯಾರು ಹೊಂದುವರೆಂಬುದು ಇನ್ನೊಂದು. ಪ್ರಸನ್ನ ರನ್ನುಗಳನ್ನು ಕೊಟ್ಟು ವಿಕೆಟ್ ಕೊಳ್ಳುವ ಧಾರಾಳಿ. ವೆಂಕಟರಾಘವನ್ ಬಿಗಿಮುಷ್ಟಿಯ ಲೆಕ್ಕಿಗ. ಯಾರು ಬೇಕೆಂಬುದು ನಾಯಕನ ಮನೋಧರ್ಮಕ್ಕೆ ಬಿಟ್ಟದ್ದು. ವಾಡೇಕರರ ಆಯ್ಕೆಗೆ ಜಯವೂ ಒಲಿಯಿತು: ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ನುಗಳಿಗೆ ಆರು ವಿಕೆಟ್ ಕಿತ್ತು, ಇಂಗ್ಲೆಂಡಿನ ನೆಲದಲ್ಲಿ ಭಾರತ ಮೊದಲ ಬಾರಿಗೆ ಗೆದ್ದಿತು. ಗೆದ್ದ ತಂಡದ ಆಯ್ಕೆಯನ್ನು ತಪ್ಪೆನ್ನುವುದು ಹೇಗೆ? ಆದರೆ ಮೂವತ್ತೊಂದರ ಪ್ರಾಯದಲ್ಲಿ, ಕೈ ಪಳಗಿದ ಹೊತ್ತಿನಲ್ಲಿ, ಸರಣಿಯನ್ನೆಲ್ಲ ಪೆವಿಲಿಯನ್ನಿನಿಂದಲೇ ನೋಡಿದ ಕಲಾವಿದನಿಗೆ ಆ ಜಯ ಏನು ಸಮಾಧಾನ ನೀಡೀತು?

ಕಾಲ ತನ್ನದೊಂದು ಉತ್ತರ ಕೊಟ್ಟಿತು. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದರ ಮರುವರ್ಷವೇ ರಣಜಿ ಸೆಮಿಫೈನಲಿನಲ್ಲಿ ವಾಡೇಕರರ ಮುಂಬಯಿ ತಂಡ ಬೆಂಗಳೂರಿಗೆ ಬಂದಿತು. ಸತತ ಹದಿನೈದು ಸಲ ಟ್ರೋಫಿ ಗೆದ್ದಿದ್ದ ತಂಡ ಅದು. ಪ್ರಸನ್ನ ಗವಾಸ್ಕರರನ್ನು ಬೌಲ್ಡ್ ಮಾಡಿದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಮುಂಬಯಿಯನ್ನು ಹಿಂದಿಕ್ಕಿದ ಕರ್ನಾಟಕ, ಬಳಿಕ ಪ್ರಸನ್ನರ ನಾಯಕತ್ವದಲ್ಲಿಯೇ ಮೊದಲ ರಣಜಿ ಟ್ರೋಫಿಯನ್ನು ಮನೆಗೆ ತಂದಿತು.

ಅಂತಿಮ ಲೆಕ್ಕದಲ್ಲಿ ಪ್ರಸನ್ನರಿಗೆ 49 ಟೆಸ್ಟುಗಳಿಂದ 189 ವಿಕೆಟ್. ವೆಂಕಟರಾಘವನ್ನರಿಗೆ 57ರಿಂದ 156. ವೆಂಕಟರಾಘವನ್ ಮುಂದೆ 73 ಟೆಸ್ಟುಗಳಲ್ಲಿ ಅಂಪೈರಾಗಿ ನಿಂತು ಇತರರ ವಿವಾದಗಳನ್ನು ತೀರ್ಮಾನಿಸಿದರು. ಆದರೆ ತಮ್ಮ ಹೆಸರಿನಲ್ಲಿ ಇಂದಿಗೂ ನಡೆಯುತ್ತಿರುವ ವಿವಾದಕ್ಕೆ ತೀರ್ಪು ಕೊಡುವುದು ಅವರಿಗೂ ಸಾಧ್ಯವಿಲ್ಲ. ಅಭಿಮಾನಿಗಳಿಗೂ ಅದು ಬೇಕಾಗಿಲ್ಲ.