ಅಂಚು ಶುಚಿಯಾಗಿದ್ದರೂ ಮೆಲನೋಮ ಮರಳುವುದೇಕೆ?

‘ಮಚ್ಚೆ ಪೂರ್ತಿ ತೆಗೆದಿದ್ದಾರೆ, ಅಂಚಿನಲ್ಲಿ ಏನೂ ಉಳಿದಿಲ್ಲವಂತೆ. ಇನ್ನೇನು ಭಯ?’ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್‌ಗೆ ಆಪರೇಷನ್ ಆದವರ ಮನೆಗಳಲ್ಲಿ ಈ ಮಾತು ಸಾಮಾನ್ಯ. ಅಂಚು ಶುಚಿಯಾಗಿರಲೇಬೇಕು, ನಿಜ. ಆದರೆ ಅದು ಕೊಯ್ದ ಜಾಗದ ಲೆಕ್ಕ ಮಾತ್ರ. ಅದಕ್ಕೂ ಮೊದಲೇ ನಾಲ್ಕು ಕೋಶಗಳು ದುಗ್ಧನಾಳ ಹಿಡಿದು ಹೊರಟುಹೋಗಿದ್ದರೆ ಅವು ಕತ್ತಿಗೆ ಸಿಗುವುದಿಲ್ಲ.

ಹೊರಟಿರುವ ಸಾಧ್ಯತೆ ಎಷ್ಟು? ಇಲ್ಲಿಯೇ ದೊಡ್ಡ ತಪ್ಪು ಕಲ್ಪನೆ: ಮಚ್ಚೆ ಅಗಲವಿದ್ದರೆ ಅಪಾಯ, ಸಣ್ಣದಿದ್ದರೆ ಚಿಂತೆಯಿಲ್ಲ ಎಂಬುದು. ಮುಖ್ಯವಾದದ್ದು ಅಗಲವಲ್ಲ, ಆಳ. ಅಮೆರಿಕದ ರೋಗಶಾಸ್ತ್ರಜ್ಞ ಅಲೆಕ್ಸಾಂಡರ್ ಬ್ರೆಸ್ಲೊ 1970ರಲ್ಲಿ ತೋರಿಸಿಕೊಟ್ಟ ಈ ಅಳತೆ ಇಂದಿಗೂ ಬಯಾಪ್ಸಿ ವರದಿಯಲ್ಲಿ ಮಿಲಿಮೀಟರ್‌ಗಳಲ್ಲಿ ಇರುತ್ತದೆ. 1 ಮಿ.ಮೀ. ಒಳಗಿದ್ದರೆ ಮರಳುವ ಸಂಭವ ಕಡಿಮೆ, 4 ಮಿ.ಮೀ. ದಾಟಿದರೆ ಅದು ದಪ್ಪದ ಕೊನೆಯ ದರ್ಜೆ. ಬಟಾಣಿಯಷ್ಟು ಉಬ್ಬಿದ ಗಂಟು ಅಂಗೈಯಗಲದ ತೆಳು ಕಲೆಗಿಂತ ಕೆಟ್ಟದ್ದಾಗಿರಬಹುದು. ಜೊತೆಗೆ ಇನ್ನೆರಡು ಸಂಗತಿ ನೋಡಿ. ಗಡ್ಡೆಯ ಮೇಲಿನ ಚರ್ಮದ ಪದರ ಸೂಕ್ಷ್ಮದರ್ಶಕದಲ್ಲಿ ಹುಣ್ಣಾಗಿ ಕಾಣುತ್ತದೆಯೇ? ಗಡ್ಡೆಯಿಂದ ದುಗ್ಧರಸ ಮೊದಲು ತಲುಪುವ ಗ್ರಂಥಿಯಲ್ಲಿ ಕ್ಯಾನ್ಸರ್ ಕೋಶ ಸಿಕ್ಕಿದೆಯೇ? ಒಂದಕ್ಕೆ ‘ಹೌದು’ ಎಂದಿದ್ದರೂ ಅಪಾಯದ ಲೆಕ್ಕವೇ ಬೇರೆ. ಆಪರೇಷನ್ ಬಳಿಕ ಇಮ್ಯುನೋಥೆರಪಿಯ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಎತ್ತಿಕಟ್ಟುವ ಚಿಕಿತ್ಸೆಯ, ಮಾತು ಬರುವುದು ಹೆಚ್ಚಾಗಿ ಇಂಥವರ ವಿಷಯದಲ್ಲಿ.

‘ಕಬ್ಬಿಣ ತಾಗಿಸಿದ್ದಕ್ಕೇ ಹರಡಿತು’ ಎಂದು ಬಯಾಪ್ಸಿಯನ್ನು ದೂರುವವರಿದ್ದಾರೆ. ಹಾಗಲ್ಲ. ಬಯಾಪ್ಸಿ ಮುಂದೂಡಿದಷ್ಟೂ ಗಡ್ಡೆ ಆಳಕ್ಕಿಳಿಯುತ್ತದೆ, ಅಷ್ಟೇ.

‘ಇದು ಬಿಳಿಯರ ಕಾಯಿಲೆ, ಬಿಸಿಲಿನಿಂದ ಬರುವುದು.’ ಬಿಳಿಯರಲ್ಲಿ ಹೆಚ್ಚು ಎಂಬುದೇನೋ ಸರಿ. ಕಪ್ಪು, ಕಂದು ಮೈಬಣ್ಣದವರಲ್ಲಿ ಅದು ಬಿಸಿಲು ಅಷ್ಟಾಗಿ ತಾಗದ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ ಹೆಚ್ಚು ಕಾಣಿಸಿಕೊಳ್ಳುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಪತ್ತೆಯಾದದ್ದು ಕಾಲಿನ ಹೆಬ್ಬೆರಳ ಉಗುರಿನಡಿ. ಫುಟ್‌ಬಾಲ್ ಆಡುವಾಗಿನ ಪೆಟ್ಟೆಂದೇ ಜನ ಇಂದಿಗೂ ಹೇಳುವುದುಂಟು. ಉಗುರು, ಅದರಡಿಯ ಅಂಗಾಂಶ ತೆಗೆದು ಚರ್ಮ ಕಸಿ ಮಾಡಿದರು. 1980ರಲ್ಲಿ ನ್ಯೂಯಾರ್ಕ್‌ನಲ್ಲಿ ಓಡುತ್ತಿದ್ದಾಗ ಕುಸಿದರು. ಕ್ಯಾನ್ಸರ್ ಮಿದುಳು ತಲುಪಿತ್ತು. ಮರುವರ್ಷ ಮೇ 11ರಂದು ತೀರಿಕೊಂಡಾಗ ವಯಸ್ಸು 36. ನಮ್ಮಲ್ಲಿಯೂ ಅಂಗಾಲಿನ ಕಪ್ಪು ಕಲೆಯನ್ನು ಆಣಿ, ಮುಳ್ಳು ಚುಚ್ಚಿದ್ದು ಎಂದುಕೊಂಡು ತಿಂಗಳುಗಟ್ಟಲೆ ಬಿಡುತ್ತಾರೆ. ಆ ತಿಂಗಳುಗಳೇ ಮಿಲಿಮೀಟರ್‌ಗಳಾಗುತ್ತವೆ.

ಇನ್ನು, ಐದು ವರ್ಷ ಕಳೆದರೆ ಪಾರಾದಂತೆ ಎಂಬ ನಂಬಿಕೆ. ಹೆಚ್ಚಿನವರಲ್ಲಿ ರೋಗ ಮರಳುವುದು ಮೊದಲ ಎರಡು ಮೂರು ವರ್ಷಗಳಲ್ಲಿ, ಹಾಗಾಗಿ ಆಗ ತಪಾಸಣೆ ಬಿಗಿ. ಹತ್ತು ವರ್ಷದ ಮೇಲೆ ಮರಳಿದ್ದೂ ಉಂಟು. ಎಷ್ಟೋ ಸಲ ಅದನ್ನು ಮೊದಲು ಕಾಣುವುದು ಸ್ಕ್ಯಾನ್ ಅಲ್ಲ, ರೋಗಿಯ ಬೆರಳು: ಹಳೆಯ ಗಾಯದ ಗುರುತಿನ ಸುತ್ತ ಹೊಸ ಗಂಟು, ಕಾಲಿನದ್ದಾದರೆ ತೊಡೆಸಂದಿನಲ್ಲಿ ನೋವಿಲ್ಲದ ಗಡ್ಡೆ. ಸ್ನಾನ ಮಾಡುವಾಗ ಮುಟ್ಟಿ ನೋಡಲು ಒಂದು ನಿಮಿಷ ಸಾಕು.