ಪ್ರತಿಕಾಯದ ಸಾಕ್ಷ್ಯ ಎಲ್ಲಿಯವರೆಗೆ?

ಪ್ರತಿಕಾಯ ಎಂಬ ಪದ ಕೋವಿಡ್ ಕಾಲದಲ್ಲಿ ಮನೆಮಾತಾದಂದಿನಿಂದ, ಅದು ರೋಗದೊಡನೆ ಕಾದಾಡುವ ವಸ್ತುವೇ ಆಗಿರಬೇಕು, ಪ್ರಯೋಗಾಲಯದ ಫ್ರಿಜ್‌ನಲ್ಲಿ ಕಾಪಿಟ್ಟ ಪ್ರತಿಕಾಯವೂ ಒಂದು ಬಗೆಯ ಔಷಧವೇ ಇರಬೇಕು ಎಂಬ ಎಣಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಪ್ರಯೋಗಾಲಯವು ಪ್ರತಿಕಾಯದಿಂದ ಎರವಲು ಪಡೆಯುವುದು ಗುರುತು ಹಿಡಿಯುವ ಶಕ್ತಿಯನ್ನಷ್ಟೇ. ಮೊಲಕ್ಕೋ ಇಲಿಗೋ ಒಂದು ಪ್ರೋಟೀನಿನ ತುಣುಕನ್ನು ಚುಚ್ಚಿದಾಗ ಅದರ ದೇಹವು ಆ ತುಣುಕಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ತಯಾರಿಸುತ್ತದೆ. ಆ ಅಂಟಿಕೊಳ್ಳುವ ನೆಲೆಗೆ ಎಪಿಟೋಪ್ ಎಂದು ಹೆಸರು.

ಈ ಗುರುತು ಹಿಡಿಯುವ ಶಕ್ತಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ಡಿಎನ್‌ಎ ದುರಸ್ತಿಯ ಅಧ್ಯಯನದಲ್ಲಿ ಚೆನ್ನಾಗಿ ಕಾಣಬಹುದು. ಮಲ್ಲೇಶ್ವರಕ್ಕೆ ಹತ್ತಿಕೊಂಡಂತಿರುವ, ಹಳಬರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಆಗಿಯೇ ಉಳಿದಿರುವ ಭಾರತೀಯ ವಿಜ್ಞಾನ ಸಂಸ್ಥೆಯು 1909ರಲ್ಲಿ ಸ್ಥಾಪನೆಯಾಯಿತು. ಅದರ ಜೀವರಸಾಯನಶಾಸ್ತ್ರ ವಿಭಾಗದಲ್ಲಿ ಕೆ. ಮುನಿಯಪ್ಪ, ಸತೀಸ್ ರಾಘವನ್ ಮುಂತಾದವರು ಡಿಎನ್‌ಎ ದುರಸ್ತಿಯ ಅಧ್ಯಯನವನ್ನು ಬೆಳೆಸಿದರು. ಡಿಎನ್‌ಎ ಕೆಡುವುದು ಬಿಸಿಲು, ವಿಕಿರಣ, ತಂಬಾಕುಗಳ ಹೊರಗಿನ ಏಟಿನಿಂದ ಮಾತ್ರ ಎಂಬ ನಂಬಿಕೆಯೂ ಅರ್ಧ ಸತ್ಯವೇ ಸರಿ, ಏಕೆಂದರೆ ಜೀವಕೋಶದೊಳಗಿನ ನೀರೇ ಡಿಎನ್‌ಎಯ ಅಕ್ಷರಗಳನ್ನು ಸದಾ ಕೆಡಿಸುತ್ತಿರುತ್ತದೆ ಎಂಬುದನ್ನು ತೋಮಸ್ ಲಿಂಡಾಲ್ ತೋರಿಸಿಕೊಟ್ಟರು. 2015ರ ರಸಾಯನಶಾಸ್ತ್ರದ ನೊಬೆಲ್ ಅವರಿಗೂ ಇನ್ನಿಬ್ಬರಿಗೂ ಸಂದದ್ದು ಈ ದುರಸ್ತಿಯ ಕ್ರಮವನ್ನು ಬಿಡಿಸಿ ಹೇಳಿದ್ದಕ್ಕೆ. ದುರಸ್ತಿ ಮಾಡುವ ಕಿಣ್ವಗಳಲ್ಲಿ ಒಂದಾದ ಲೈಗೇಸ್ 4, ಎರಡೂ ಎಳೆ ತುಂಡಾದ ಡಿಎನ್‌ಎಯ ತುದಿಗಳನ್ನು ಬೆಸೆಯುತ್ತದೆ.

ಸೀಸೆಯ ಮೇಲೆ ಲೈಗೇಸ್ 4ರ ಹೆಸರು ಅಚ್ಚಾಗಿದ್ದರೆ ಒಳಗಿನ ಪ್ರತಿಕಾಯ ಅದನ್ನು ಮಾತ್ರ ಹಿಡಿಯುತ್ತದೆ ಎಂಬ ಭರವಸೆ ಸಾಮಾನ್ಯ ಓದುಗರಲ್ಲಿ ಮಾತ್ರವಲ್ಲ, ಹೊಸದಾಗಿ ಪ್ರಯೋಗಾಲಯ ಸೇರಿದ ವಿದ್ಯಾರ್ಥಿಗಳಲ್ಲಿಯೂ ಕಾಣುತ್ತದೆ. ವೆಸ್ಟರ್ನ್ ಬ್ಲಾಟ್ ಎಂಬ ಪರೀಕ್ಷೆಯಲ್ಲಿ ಜೀವಕೋಶದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರಾನುಸಾರ ಬೇರ್ಪಡಿಸಿ ತೆಳುವಾದ ಪೊರೆಯೊಂದಕ್ಕೆ ವರ್ಗಾಯಿಸುತ್ತಾರೆ. ಬಳಿಕ ಪೊರೆಯ ಖಾಲಿ ಜಾಗಗಳಿಗೆ ಪ್ರತಿಕಾಯ ಸುಮ್ಮಸುಮ್ಮನೆ ಮೆತ್ತಿಕೊಳ್ಳದಿರಲೆಂದು ಅದನ್ನು ಕೆನೆ ತೆಗೆದ ಹಾಲಿನ ಪುಡಿಯ ದ್ರಾವಣದಲ್ಲಿ ನೆನೆಸುತ್ತಾರೆ. ಅಂಗಡಿಯ ಹಾಲಿನ ಪುಡಿಯಂಥದ್ದೇ ಪದಾರ್ಥ ಇಷ್ಟು ನಾಜೂಕಿನ ಪರೀಕ್ಷೆಯ ಮಾನ ಕಾಯುತ್ತದೆ ಎಂಬುದು ಸೋಜಿಗವೇ. ಮೊಲದ ಪ್ರತಿಕಾಯವನ್ನು ಹಾಕಿ ತೊಳೆದ ನಂತರ, ಮೊಲದ ಪ್ರತಿಕಾಯವನ್ನೇ ಗುರುತಿಸುವ ಆಡಿನ ಪ್ರತಿಕಾಯವನ್ನು ಹಾಕುತ್ತಾರೆ. ಅದಕ್ಕೆ ಜೋಡಿಸಿದ ಕಿಣ್ವವು ಬೆಳಕು ಹೊಮ್ಮಿಸಿದಾಗ ಪೊರೆಯ ಮೇಲೆ ಪಟ್ಟಿಯೊಂದು ಮೂಡುತ್ತದೆ. ಲೈಗೇಸ್ 4ರ ತೂಕ ಸುಮಾರು 104 ಕಿಲೋಡಾಲ್ಟನ್. ಆದರೆ ಆ ಎತ್ತರದಲ್ಲಿ ಪಟ್ಟಿ ಮೂಡಿದ್ದೂ ಪೂರ್ಣ ಪುರಾವೆಯಾಗದು, ಹೋಲುವ ಎಪಿಟೋಪ್ ಇರುವ ಬೇರೆ ಪ್ರೋಟೀನೂ ಅಲ್ಲೇ ನಿಂತಿರಬಹುದು. ಗಟ್ಟಿಯಾದ ಪುರಾವೆಗೆ ಆ ಕಿಣ್ವದ ಜೀನನ್ನೇ ತೆಗೆದುಹಾಕಿದ ಜೀವಕೋಶಗಳನ್ನು ಪಕ್ಕದ ಸಾಲಿನಲ್ಲಿ ಓಡಿಸಬೇಕು, ಅಲ್ಲಿ ಪಟ್ಟಿ ಮಾಯವಾಗಬೇಕು.

ಹಾಗೆಂದು ಒಂದಕ್ಕಿಂತ ಹೆಚ್ಚು ಪಟ್ಟಿ ಕಂಡೊಡನೆ ಪ್ರತಿಕಾಯ ಕೆಟ್ಟದ್ದೆಂದು ತೀರ್ಮಾನಿಸುವುದೂ ಅವಸರವಾದೀತು. ಪಾರ್ಪ್ 1 ಎಂಬ ದುರಸ್ತಿ ಕಿಣ್ವ ಸುಮಾರು 116 ಕಿಲೋಡಾಲ್ಟನ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಜೀವಕೋಶ ತಾನಾಗಿ ಸಾಯಲು ಹೊರಟಾಗ ಅದು ಕತ್ತರಿಸಲ್ಪಟ್ಟು 89ರ ಬಳಿ ಇನ್ನೊಂದು ಪಟ್ಟಿ ಮೂಡುತ್ತದೆ, ಮತ್ತು ಆ ಎರಡನೆಯ ಪಟ್ಟಿಯೇ ಜೀವಕೋಶದ ಸಾವಿನ ಕುರುಹಾಗಿ ಬಳಕೆಯಲ್ಲಿದೆ.

ಎಲ್ಲಕ್ಕಿಂತ ಹಟಮಾರಿಯಾದ ತಪ್ಪು ಕಲ್ಪನೆಯೆಂದರೆ, ಪಟ್ಟಿ ದಪ್ಪಗಿದ್ದರೆ ದುರಸ್ತಿ ಚೆನ್ನಾಗಿ ನಡೆಯುತ್ತಿದೆ ಎಂಬುದು. ಕಚೇರಿಯ ಹಾಜರಿ ಪುಸ್ತಕದಲ್ಲಿ ರುಜು ಇದ್ದ ಮಾತ್ರಕ್ಕೆ ಕಡತ ಮುಂದೆ ಸರಿದಿದೆ ಎಂದು ಯಾರೂ ನಂಬುವುದಿಲ್ಲ. ಪ್ರತಿಕಾಯ ಕೊಡುವುದೂ ಅಂಥ ಹಾಜರಿಯನ್ನೇ. ರಾಘವನ್ ಮತ್ತು ಸಹೋದ್ಯೋಗಿಗಳು 2012ರಲ್ಲಿ ಸೆಲ್ ಪತ್ರಿಕೆಯಲ್ಲಿ ವರದಿ ಮಾಡಿದ ಎಸ್‌ಸಿಆರ್7 ಎಂಬ ಅಣುವನ್ನು ಇಲ್ಲಿ ನೆನೆಯಬಹುದು. ಅದು ಲೈಗೇಸ್ 4 ಡಿಎನ್‌ಎಯನ್ನು ಹಿಡಿಯುವುದಕ್ಕೇ ಅಡ್ಡಿಯಾಗುತ್ತದೆ ಎಂದು ಅವರು ತೋರಿಸಿದರು. ಅಣುವಿನ ನಿಖರ ರಚನೆಯ ಬಗ್ಗೆಯೂ ಅದು ಲೈಗೇಸ್ 4ನ್ನೇ ಆರಿಸಿ ತಡೆಯುತ್ತದೆಯೇ ಎಂಬುದರ ಬಗ್ಗೆಯೂ ಮುಂದೆ ಇತರ ಸಂಶೋಧಕರು ಪ್ರಶ್ನೆ ಎತ್ತಿದ್ದುಂಟು. ಆ ವಾದ ಏನೇ ಇರಲಿ, ಕೈಕಟ್ಟಿದ ಮಾತ್ರಕ್ಕೆ ಕಿಣ್ವ ಇಲ್ಲವಾಗುವುದಿಲ್ಲ, ಪ್ರತಿಕಾಯಕ್ಕೆ ಅದು ಮೊದಲಿನಂತೆಯೇ ಸಿಗಬಹುದು. ಕೆಲಸ ನಡೆದಿದೆಯೇ ಎಂದು ತಿಳಿಯಬೇಕಾದರೆ ಜೀವಕೋಶದ ಸಾರಕ್ಕೆ ತುಂಡು ಡಿಎನ್‌ಎ ಕೊಟ್ಟು, ತುದಿಗಳು ಬೆಸೆದುಕೊಂಡವೇ ಎಂದು ನೋಡುವ ಬೇರೆಯದೇ ಪರೀಕ್ಷೆ ಬೇಕು.

ಆಸ್ಪತ್ರೆಯಲ್ಲಿ ಈ ತಪ್ಪು ತಲೆಕೆಳಗಾಗಿ ಕಾಣಿಸಿಕೊಳ್ಳುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಿನ ತೆಳು ಸೀಳಿಗೆ ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ದುರಸ್ತಿ ಪ್ರೋಟೀನುಗಳ ಪ್ರತಿಕಾಯ ಹಾಕಿ ನೋಡುವ ಪದ್ಧತಿಯಿದೆ. ಎಂಎಲ್‌ಎಚ್1 ಬಣ್ಣ ಕಾಣದಿದ್ದರೆ ರೋಗ ವಂಶಪಾರಂಪರ್ಯವಾಗಿ ಬಂದದ್ದೇ, ಮಕ್ಕಳಿಗೂ ತಪ್ಪದು ಎಂದು ಮನೆಯವರು ಗಾಬರಿಯಾಗುವುದುಂಟು. ಆದರೆ ಹೆಚ್ಚಿನ ಪ್ರಕರಣಗಳಲ್ಲಿ, ವಿಶೇಷವಾಗಿ ವಯಸ್ಸಾದವರಲ್ಲಿ, ಗಡ್ಡೆಯೊಳಗೆ ಮಾತ್ರ ಮೀಥೈಲ್ ಗುಂಪುಗಳು ಕೂತು ಆ ಜೀನ್ ಮೌನವಾಗಿರುತ್ತದೆ, ಅದು ಮುಂದಿನ ಪೀಳಿಗೆಗೆ ಹರಿಯುವ ದೋಷವಲ್ಲ. ಎಂಎಲ್‌ಎಚ್1 ಇಲ್ಲದೆ ಅದರ ಜೊತೆಗಾರ ಪಿಎಂಎಸ್2 ಬಾಳದು, ಆದ್ದರಿಂದ ಎರಡೂ ಕಾಣೆಯಾದರೆ ಎರಡು ಜೀನುಗಳು ಕೆಟ್ಟಿವೆ ಎಂದಲ್ಲ. ಇನ್ನು ಕೆಲವರಲ್ಲಿ ಜೀನಿನ ದೋಷದಿಂದ ನಿಷ್ಕ್ರಿಯವಾದ ಪ್ರೋಟೀನು ಆಕಾರ ಉಳಿಸಿಕೊಂಡು ಬಣ್ಣವನ್ನೂ ಪಡೆಯುತ್ತದೆ. ಈ ಎಲ್ಲ ವಿಚಾರಕ್ಕೆ ಮೊದಲು ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುವುದು ಗಡ್ಡೆಯ ಪಕ್ಕದ ಆರೋಗ್ಯವಂತ ಜೀವಕೋಶಗಳನ್ನು: ಅವುಗಳ ಕೋಶಕೇಂದ್ರಗಳು ಕಂದು ಬಣ್ಣ ತಾಳಿರಬೇಕು, ಅಲ್ಲಿಯೂ ಬಣ್ಣವಿಲ್ಲದಿದ್ದರೆ ಆ ಗಾಜಿನಿಂದ ಏನನ್ನೂ ಹೇಳುವಂತಿಲ್ಲ, ಹೊಸ ಸೀಳು ಕೊಯ್ದು ಪರೀಕ್ಷೆಯನ್ನು ಮತ್ತೆ ಮಾಡುತ್ತಾರೆ.