ಬೆರಳ ತುದಿಯ ಸಾಕ್ಷಿ

೨೦೨೧ರ ಬೇಸಿಗೆ. ಕೊರೋನಾದ ಎರಡನೆಯ ಅಲೆ ಮನೆಮನೆಯ ಬಾಗಿಲು ತಟ್ಟಿದ ದಿನಗಳು. ನಮ್ಮ ಮನೆಯ ಹಿರಿಯರೊಬ್ಬರಿಗೆ ನಾಲ್ಕು ದಿನಗಳಿಂದ ಜ್ವರ. "ನಾ ಆರಾಮ ಅದೀನಿ, ಸುಮ್ಮನ ಗಾಬರಿ ಆಗಬ್ಯಾಡ್ರಿ" ಎನ್ನುತ್ತ ಪಡಸಾಲೆಯಲ್ಲಿ ಕುಳಿತಿದ್ದರು. ನೆರೆಮನೆಯಿಂದ ತಂದ ಪಲ್ಸ್ ಆಕ್ಸಿಮೀಟರನ್ನು ಬೆರಳಿಗೆ ತೊಡಿಸಿದಾಗ ಕಂಡ ಅಂಕಿ ೮೮! ಏದುಸಿರು ಅರಿವಿಗೆ ಬರುವ ಮೊದಲೇ ರಕ್ತದ ಆಮ್ಲಜನಕ ಕುಸಿದಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆವು. ಅವರು ಇಂದೂ ನಮ್ಮೊಡನಿದ್ದಾರೆ.

ಈ ಪುಟ್ಟ ಸಾಧನದ ಮೂಲತತ್ತ್ವವನ್ನು ೧೯೭೪ರಲ್ಲಿ ಲೋಕದ ಮುಂದಿಟ್ಟವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ಸಾಧನವು ಬೆರಳಿನ ಮೂಲಕ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನೂ ಹಾಯಿಸುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಗೆಂಪನ್ನು ಹೆಚ್ಚಾಗಿ ಹೀರುತ್ತದೆ. ಹೊರದಿರುವುದು ಕೆಂಪನ್ನು ಹೆಚ್ಚಾಗಿ ಹೀರುತ್ತದೆ. ನಾಡಿಯ ಪ್ರತಿ ಮಿಡಿತದಲ್ಲಿ ಆಗುವ ಈ ವ್ಯತ್ಯಾಸವನ್ನಳೆದು ಶೇಕಡಾವಾರು ಲೆಕ್ಕ ಹೇಳುತ್ತದೆ.

ನೋಡುವ ಕ್ರಮವೂ ಮುಖ್ಯ. ಐದು ನಿಮಿಷ ವಿಶ್ರಮಿಸಿ, ಬೆಚ್ಚಗಿರುವ ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಿಸದೆ ಇರಿಸಬೇಕು. ಉಗುರಿನ ಬಣ್ಣ, ಮದರಂಗಿ ಇರುವ ಬೆರಳು ಬೇಡ. ಅಂಕಿ ಸ್ಥಿರವಾದ ಬಳಿಕ ವೇಳೆಯೊಡನೆ ಬರೆದಿಡಬೇಕು. ಜೊತೆಗೆ ಕಾಣುವ ಇನ್ನೊಂದು ಅಂಕಿ ನಾಡಿಬಡಿತದ್ದು. ಎರಡನ್ನೂ ಬೆರೆಸಿ ಗಾಬರಿಯಾಗಬಾರದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ೯೫ರಿಂದ ೧೦೦ ಇರುತ್ತದೆ. ಕಾಯಿಲೆಯಲ್ಲಿ ಅದಕ್ಕಿಂತ ಇಳಿದರೆ ವೈದ್ಯರನ್ನು ಕೇಳಬೇಕು. ೯೦ಕ್ಕಿಂತ ಇಳಿದರೆ ತಡಮಾಡದೆ ಆಸ್ಪತ್ರೆಗೆ ಧಾವಿಸಬೇಕು. ದೀರ್ಘಕಾಲದ ಶ್ವಾಸಕೋಶದ ರೋಗಿಗಳಿಗೆ ಅವರ ವೈದ್ಯರು ಹೇಳಿದ ಅಂಕಿಯೇ ಪ್ರಮಾಣ.

ಆದರೆ ಈ ಸಾಧನವೂ ಮೋಸಹೋಗುವುದುಂಟು. ಗಾಢ ವರ್ಣದ ತ್ವಚೆಯಲ್ಲಿ ಇದು ನಿಜಕ್ಕಿಂತ ಹೆಚ್ಚಿನ ಅಂಕಿ ತೋರಬಹುದೆಂಬುದನ್ನು ೨೦೨೦ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಎತ್ತಿ ತೋರಿಸಿತು. ಮುಚ್ಚಿದ ಬಾಣಂತಿಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಉಂಟು. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತವನ್ನು ಸೇರಿದರೆ ಸಾಧನವು ಅದನ್ನೇ ಆಮ್ಲಜನಕವೆಂದು ಭ್ರಮಿಸುತ್ತದೆ! ತಾಯಿಮಗುವಿನ ಪ್ರಾಣ ಅಪಾಯದಲ್ಲಿದ್ದರೂ ಅಂಕಿ ೯೮ ಎನ್ನಬಹುದು. ಅಂಥಲ್ಲಿ ತಲೆನೋವು, ಮಂಪರು ಕಂಡೊಡನೆ ಅವರನ್ನು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು.

ಆದ್ದರಿಂದ ಅಂಕಿ ಕುಸಿದಾಗ "ಆರಾಮ ಇದ್ದೇನೆ" ಎಂಬ ಮಾತಿಗೆ ಮರುಳಾಗುವುದು ಬೇಡ. ಏದುಸಿರು, ಎದೆನೋವು, ನೀಲಿಗಟ್ಟಿದ ತುಟಿ ಕಂಡಾಗ ಒಳ್ಳೆಯ ಅಂಕಿಯನ್ನು ನಂಬಿ ಕೂರುವುದೂ ಬೇಡ. ಯಂತ್ರವೂ ಸಾಕ್ಷಿ, ದೇಹವೂ ಸಾಕ್ಷಿ. ಎರಡನ್ನೂ ಕೇಳಿ ತೀರ್ಪು ನೀಡಬೇಕಾದವರು ವೈದ್ಯರು. ಅವರಲ್ಲಿಗೆ ಸಕಾಲದಲ್ಲಿ ಕರೆದೊಯ್ಯುವುದು ಮನೆಮಂದಿಯ ಹೊಣೆ.